ಬಂಪರಿನ ಬೆನ್ನು ನೋಡಿ

ಮಹೀಂದ್ರಾ ಥಾರ್‌ಗೆ ಉಕ್ಕಿನ ಬಂಪರ್ ಹಾಕಿಸಲು ಹೋದವರು ಮೊದಲು ಕೇಳುವುದು ತಗಡಿನ ದಪ್ಪ. ಮಾರುವವರೂ ಅದನ್ನೇ ಮುಂದಿಡುತ್ತಾರೆ. ಆಮೇಲೆ ಬಣ್ಣ, ಫಾಗ್ ಲ್ಯಾಂಪಿನ ಕಿಂಡಿ, ವಿಂಚಿಗೆ ಜಾಗ. ಎಲ್ಲವೂ ಗಾಡಿಯ ಮುಂದೆ ನಿಂತು ನೋಡುವಂಥವು. ಹಿಂಬದಿಗೆ ಬಗ್ಗಿ, ಇದು ಚಾಸಿಗೆ ಹೇಗೆ ಕೂತಿದೆ ಎಂದು ನೋಡುವವರು ಕಡಿಮೆ. ನಮ್ಮಲ್ಲಿನ ಬಂಪರ್ ಫಿಟ್ಟಿಂಗಿನ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

2020ರ ಥಾರ್ ಕಂಪನಿಯ ಬಂಪರಿನಲ್ಲೇ 41.8 ಡಿಗ್ರಿ ಏರುಕೋನ ಪಡೆದಿದೆ. ದಿಬ್ಬಕ್ಕೆ ಮೂತಿ ತಾಗುತ್ತದೆಂದು ಬಂಪರ್ ಬದಲಿಸಬೇಕಾದವರು ವಿರಳ. ನಿಜವಾದ ಕಾರಣ ವಿಂಚು ಮತ್ತು ಎಳೆಯುವ ಕೊಂಡಿ. ಸಾಮಾನ್ಯವಾಗಿ ಬಳಸುವ 9500 ಪೌಂಡಿನ ವಿಂಚು ನಾಲ್ಕು ಟನ್ನಿಗೂ ಮೀರಿ ಎಳೆಯಬಲ್ಲದು. ಆ ಭಾರವೆಲ್ಲ ಬ್ರಾಕೆಟ್ಟಿನ ಮೂಲಕ ಚಾಸಿಯ ಎರಡು ತುದಿಗಳಿಗೆ ಹೋಗಬೇಕು. ನಡುವೆ ಇರುವುದು ಕೆಲವೇ ಬೋಲ್ಟುಗಳು.

12 ಮಿಲಿಮೀಟರಿನ ಬೋಲ್ಟನ್ನೇ ತೆಗೆದುಕೊಳ್ಳಿ. ತಲೆಯ ಮೇಲೆ 4.6 ಎಂದಿದ್ದರೆ ಅದು ನೇರ ಎಳೆತದಲ್ಲಿ ತಡೆಯುವುದು ಸುಮಾರು 3.4 ಟನ್; 8.8 ಎಂದಿದ್ದರೆ ಅದರ ಎರಡರಷ್ಟು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಬೆಲೆಯಲ್ಲೂ ದೊಡ್ಡ ಅಂತರವಿಲ್ಲ. ಹೀಗಿದ್ದೂ ಡಬ್ಬಿಯಲ್ಲಿ ಕೈಗೆ ಸಿಕ್ಕ ಗುರುತಿಲ್ಲದ ಬೋಲ್ಟು ಹಾಕಿ ಕಳಿಸುವುದನ್ನು ಒಪ್ಪಲು ನನಗೆ ಸಾಧ್ಯವಿಲ್ಲ.

ಒಳ್ಳೆಯ ಬೋಲ್ಟಿದ್ದರೂ ಸಾಲದು, ಬಿಗಿ ಬೇಕು. ಎರಡು ಉಕ್ಕಿನ ಮುಖಗಳು ಒಂದನ್ನೊಂದು ಒತ್ತಿ ಹಿಡಿದಾಗ ಅವುಗಳ ನಡುವಿನ ಘರ್ಷಣೆಯೇ ಭಾರ ಹೊರುತ್ತದೆ. ಬಿಗಿ ಸಡಿಲವಾದ ಕ್ಷಣದಿಂದ ಬೋಲ್ಟು ಅಡ್ಡಪೆಟ್ಟು ತಿನ್ನತೊಡಗಿ, ತೂತು ನಿಧಾನಕ್ಕೆ ಉದ್ದವಾಗುತ್ತದೆ. ಇಲ್ಲಿ ಕಣ್ಣಿಗೆ ಬೀಳದ ಶತ್ರು ಪೌಡರ್ ಕೋಟಿಂಗ್. ಬ್ರಾಕೆಟ್ಟು ಚಾಸಿಗೆ ಅಂಟುವ ಮುಖದ ಮೇಲೂ ದಪ್ಪಗೆ ಬಣ್ಣ ಬಳಿದರೆ, ಒತ್ತಡಕ್ಕೆ ಅದು ಕುಗ್ಗಿದಂತೆ ಬೋಲ್ಟು ತಾನಾಗಿ ಸಡಿಲಾಗುತ್ತದೆ. ಆ ಮುಖದ ಬಣ್ಣ ಕೆರೆದು, ತುಕ್ಕು ತಡೆಯುವ ತೆಳು ಪ್ರೈಮರ್ ಹಚ್ಚಿ ಕೂರಿಸುವ ಗ್ಯಾರೇಜಿದ್ದರೆ ಅಲ್ಲಿಗೇ ಹೋಗಿ.

ಬ್ರಾಕೆಟ್ಟಿನ ಆಕಾರವನ್ನೂ ಅಳೆಯಬೇಕು. ವಿಂಚಿನ ಹಗ್ಗ ಸಾಮಾನ್ಯವಾಗಿ ಬೋಲ್ಟಿನ ಸಾಲಿಗಿಂತ ಮೇಲೆ ಎಳೆಯುವುದರಿಂದ ಬಂಪರು ಮುಂದಕ್ಕೆ ಬಾಗಲು ನೋಡುತ್ತದೆ. ಬೋಲ್ಟುಗಳು ಒಂದೇ ಸಾಲಿನಲ್ಲಿದ್ದರೆ ಅದನ್ನು ತಡೆಯುವ ಸನ್ನೆ ಸಿಗದು; ಮೇಲೊಂದು ಕೆಳಗೊಂದು ಸಾಲು ಬೇಕು. ಪಕ್ಕಕ್ಕಿರುವ ಮರಕ್ಕೆ ಹಗ್ಗ ಕಟ್ಟಿ ಓರೆಯಾಗಿ ಎಳೆದರಂತೂ ಒಂದೇ ತುದಿಯ ಮೇಲೆ ಹೆಚ್ಚು ಭಾರ. ಚಾಸಿಯ ಮುಂಭಾಗವನ್ನಷ್ಟೇ ಹಿಡಿಯದೆ ಪಕ್ಕಕ್ಕೂ ತಬ್ಬಿ ಬೋಲ್ಟಾಗುವ ಬ್ರಾಕೆಟ್ಟು ಇದಕ್ಕೆ ಮೇಲು. ತೂತು ಹೊಂದದಿದ್ದಾಗ ಗ್ಯಾಸ್ ಕಟರಿನಿಂದ ಸುಟ್ಟು ದೊಡ್ಡದು ಮಾಡುವ ಅಭ್ಯಾಸ ಈ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ.

ಸಾರ್ವಜನಿಕ ರಸ್ತೆಯ ಮಾತು ಬೇರೆ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಉಲ್ಲೇಖಿಸಿ, ಬುಲ್‌ಬಾರ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಪತ್ರ ಬರೆಯಿತು. ಅದು ಸರಿ ಎಂದೇ ನನ್ನ ನಿಲುವು. ಗಾಡಿಯ ಮೂತಿ ಮಡಚಿಕೊಂಡು ಹೊಡೆತ ನುಂಗುವ ಲೆಕ್ಕದ ಮೇಲೆ ಏರ್‌ಬ್ಯಾಗ್ ನಿಂತಿದೆ. ಬಿಗಿಯಾದ ಉಕ್ಕು ಆ ಲೆಕ್ಕ ತಪ್ಪಿಸುತ್ತದೆ, ಎದುರಿಗೆ ಸಿಕ್ಕ ಪಾದಚಾರಿಯ ಕಾಲನ್ನೂ ಬಿಡುವುದಿಲ್ಲ. ಹಾಗಾಗಿ ನಾನಿಲ್ಲಿ ಹೇಳುತ್ತಿರುವುದು ಖಾಸಗಿ ತೋಟ, ಆಫ್‌ರೋಡ್ ಟ್ರ್ಯಾಕಿಗಷ್ಟೇ ಮೀಸಲಾದ ಗಾಡಿಗಳ ಬಗ್ಗೆ.

ಅಲ್ಲಾದರೂ ಬಂಪರಿನ ಜೊತೆ ಒಂದು ಚೀಟಿ ಬರಬೇಕು: ಯಾವ ಬೋಲ್ಟು, ಎಷ್ಟು ಟಾರ್ಕ್. 12 ಮಿಲಿಮೀಟರಿನ 8.8 ಬೋಲ್ಟಿಗೆ ಸಾಮಾನ್ಯವಾಗಿ 80ರಿಂದ 90 ನ್ಯೂಟನ್ ಮೀಟರ್. ಟಾರ್ಕ್ ರೆಂಚಿನಿಂದ ಬಿಗಿಮಾಡಿ, ನಟ್ಟಿನಿಂದ ಪ್ಲೇಟಿನವರೆಗೆ ಬಣ್ಣದ ಒಂದು ಗೆರೆ ಎಳೆಯಲಿ. ಮೊದಲ ಕೆಸರಿನ ಓಟ ಮುಗಿದು ಗಾಡಿ ತೊಳೆದಾಗ ಗೆರೆ ಮುರಿದಿದ್ದರೆ, ಇನ್ನೊಮ್ಮೆ ಬಿಗಿಮಾಡುವವರೆಗೆ ಆ ಕೊಂಡಿಗೆ ಯಾರೂ ಹಗ್ಗ ಹಾಕಬಾರದು.