ತೇಲ್ ಹಾಯಿಯ ಶಿಲಾಸಿಂಹ

ಗಲಿಲೀ ಪ್ರಾಂತದ ತೇಲ್ ಹಾಯಿಯಲ್ಲಿ ಮೆಲ್ನಿಕಾಫನೆಂಬ ಶಿಲ್ಪಿಯು 1934ರಲ್ಲಿ ನಿಲ್ಲಿಸಿದ ಕಲ್ಲಿನ ಸಿಂಹವೊಂದು ಆಗಸಕ್ಕೆ ಮೊಗವೆತ್ತಿ ಗರ್ಜಿಸುತ್ತಿದೆ. ಯೆಹೂದ್ಯರ ಆ ಕೃಷಿನೆಲೆಯನ್ನು ಕಾಯುತ್ತ 1920ರ ಮಾರ್ಚಿ 1ರಂದು ಅರಬರೊಡನಾದ ಕಾಳಗದಲ್ಲಿ ಮಡಿದ ಟ್ರುಂಪೆಲ್ಡೋರನ ಸ್ಮಾರಕವಿದೆಂದು ಲೋಕಪ್ರಸಿದ್ಧಿ. ಪೋರ್ಟ್ ಆರ್ಥರಿನಲ್ಲಿ ಎಡಗೈಯನ್ನು ಕಳೆದುಕೊಂಡಿದ್ದ ಆ ಯೋಧನಿಗೆ ಸಿಂಹದ ಹೋಲಿಕೆ ಸಲ್ಲತಕ್ಕದ್ದೇ. ಆದರೆ ಅಲ್ಲಿ ಅಳಿದವರು ಎಂಟು ಮಂದಿ. ಆರೊನ್ ಶೇರನೆಂಬ ತರುಣನು ಫೆಬ್ರುವರಿಯಲ್ಲಿಯೇ ಹತನಾಗಿದ್ದನು. ಸಾರಾ ಚಿಜಿಕ್ ಎಂಬ ತರುಣಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಹಗಲು ಹೊಲದಲ್ಲಿ ದುಡಿದು ಇರುಳು ಕಾವಲಿದ್ದ ಇವರು ಗರ್ಜಿಸಿದವರಲ್ಲ. ಉಪಮಾನವು ಉಪಮೇಯವನ್ನು ನುಂಗಿದರೆ ಆಲಂಕಾರಿಕರು ಅತಿಶಯೋಕ್ತಿಯೆನ್ನುವರು. ಇಲ್ಲಿ ಒಂದು ಸಿಂಹವು ಎಂಟು ಮನುಷ್ಯರನ್ನು ನುಂಗಿದೆ. ವೀರವುಂಟು, ಕರುಣಕ್ಕೆ ಎಡೆಯಿಲ್ಲ. ಸಮೀಪದ ಊರಿಗೆ ಕಿರ್ಯತ್ ಶ್ಮೋನಾ, ಎಂದರೆ ಎಂಟರ ಪುರ, ಎಂದು ಹೆಸರಿಟ್ಟವನಾರೋ, ನನಗೆ ಶಿಲ್ಪಿಗಿಂತ ಅವನೇ ಹೆಚ್ಚಿನ ಕವಿ.