ಒಂದೇ ಪಟ್ಟಿಕೆಯ ವೀರಗಲ್ಲುಗಳು

ವೀರಗಲ್ಲೆಂದೊಡನೆ ಮೂರು ಪಟ್ಟಿಕೆಗಳ ಶಿಲ್ಪವನ್ನು ವರ್ಣಿಸುವುದು ವಾಡಿಕೆ: ಕೆಳಗೆ ಕಾಳಗ, ನಡುವೆ ಮಡಿದವನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ವರ್ಣನೆ ತಪ್ಪಲ್ಲ. ಆದರೆ ಅದನ್ನೇ ಅಳತೆಗೋಲಾಗಿ ಹಿಡಿದು, ಅದಕ್ಕಿಂತ ಹಳೆಯ ಒಂದೇ ಪಟ್ಟಿಕೆಯ ಕಲ್ಲುಗಳನ್ನು ಅಪೂರ್ಣವೆಂದು ಎಣಿಸುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದು ದೂರದ ಪ್ರಶ್ನೆಯಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಹೇಮಾವತಿ, ಈ ಸೀಮೆಯ ನೆರೆಯಲ್ಲಿಯೇ ಇದೆ. ಪಾವಗಡದ ನಿಡುಗಲ್ಲು ಮುಂದೆ ಚೋಳವಂಶದ ಮಾಂಡಲಿಕರ ಗಿರಿದುರ್ಗವಾಯಿತು. ಗಡಿಕಾಳಗ, ತುರುಗೋಳುಗಳು ನಡೆದ ಇಂಥ ನಾಡಿನಲ್ಲಿ ವೀರಗಲ್ಲೇ ಸಾಮಾನ್ಯನ ಚರಿತ್ರೆ.

ಹಳೆಯ ಬಗೆಯ ಶ್ರೇಷ್ಠ ನಿದರ್ಶನವೆಂದರೆ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು. ಗಂಗರ ಎರೆಯಪ್ಪನ ಕಡೆಯ ನಾಗತ್ತರನು ಅಯ್ಯಪದೇವನ ನೆರವಿಗೆ ಹೋಗಿ, ಬೀರಮಹೇಂದ್ರನೆದುರು ತುಂಬೆಪಾಡಿಯಲ್ಲಿ ಕಾದಿ ಮಡಿದನೆಂದು ಅದರ ಶಾಸನ ತಿಳಿಸುತ್ತದೆ. ಆನೆ, ಕುದುರೆ, ಕಾಲಾಳುಗಳ ಸಂದಣಿಯೇ ಶಿಲ್ಪವನ್ನು ತುಂಬಿದೆ. ಆ ಬಳಿಕ ಇರುಗನಿಗೆ ಬೆಂಪೂರು ಹನ್ನೆರಡು ಕಲ್ನಾಡಾಗಿ ದೊರೆತ ಸಂಗತಿಯನ್ನು ಹೇಳುವುದು ಬರಹ. ಮರಣವನ್ನು ಉಳಿ ಹೇಳಿದರೆ ಮನ್ನಣೆಯನ್ನು ಅಕ್ಷರ ಹೇಳಿದೆ. ಇದನ್ನು ಕೊರತೆಯೆನ್ನಲು ಸಾಧ್ಯವೆ?

ಹೊರನಾಡಿನ ಒಂದು ಹೋಲಿಕೆ ಇಲ್ಲಿ ಉಪಯುಕ್ತ. ಐರ್ಲೆಂಡಿನ ಮೊನಾಸ್ಟರ್‌ಬಾಯ್ಸ್‌ನಲ್ಲಿ ಮುರೆಡಾಖನ ಹೆಸರಿನ ಶಿಲುಬೆಯೊಂದಿದೆ; 10ನೆಯ ಶತಮಾನದ ಆದಿಭಾಗದ್ದೆಂದು ಎಣಿಸಲಾದ ಅದರ ಎತ್ತರ ಸುಮಾರು 5.5 ಮೀಟರು. ಅದನ್ನು ಮಾಡಿಸಿದ ಮುರೆಡಾಖನಿಗಾಗಿ ಪ್ರಾರ್ಥಿಸಿರೆಂದು ಅದರ ಬರಹ ಬೇಡುತ್ತದೆ; ಶಿಲ್ಪವಾದರೋ ಬೈಬಲ್ಲಿನ ಹಲವು ಕಥೆಗಳನ್ನು ಪಟ್ಟಿಕೆ ಪಟ್ಟಿಕೆಯಾಗಿ ಬಿಡಿಸುತ್ತದೆ. ಹೇಳಬೇಕಾದ ಕಥೆಗಳು ಹಲವಾದುದರಿಂದ ಪಟ್ಟಿಕೆಗಳೂ ಹಲವು. ನಮ್ಮ ಶಿಲ್ಪಿಗೆ ಹೇಳಬೇಕಾಗಿದ್ದುದು ಒಬ್ಬನ ಒಂದು ಗಳಿಗೆ. ಪಟ್ಟಿಕೆಗಳ ಸಂಖ್ಯೆ ವಸ್ತುವನ್ನು ಅನುಸರಿಸುತ್ತದೆಯೇ ಹೊರತು ಅದರಿಂದ ಕುಶಲತೆಯನ್ನು ಅಳೆಯಲಾಗದು.

ಇನ್ನೊಂದು ಮಾತು. ರೈಸರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟದ ಉಪಕಾರ ದೊಡ್ಡದು. ಆದರೆ ಶಾಸನ ಸಂಪುಟದ ಗುರಿ ಬರಹ. ಬರಹವಿಲ್ಲದ ಕಲ್ಲಿಗೆ ಅಲ್ಲಿ ಎಡೆಯಿಲ್ಲ. ಕೆರೆಯ ಏರಿಯಲ್ಲೋ ಊರಬಾಗಿಲಲ್ಲೋ ನಿಂತ ಅಂಥ ಕಲ್ಲಿಗೆ ಅದರ ನೆಲೆಯೇ ಉಳಿದ ಸಾಕ್ಷ್ಯ. ಅದನ್ನು ಕಿತ್ತು ಬೇರೆಡೆ ನಿಲ್ಲಿಸಿದರೆ ಆ ಸಾಕ್ಷ್ಯವೂ ಅಳಿಯುತ್ತದೆ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಮೊದಲು ಕಲ್ಲು ನಿಂತ ಜಾಗವನ್ನು, ಅನಂತರ ಶಿಲ್ಪವನ್ನು, ಕಡೆಗೆ ಅಕ್ಷರವನ್ನು ಗುರುತು ಹಾಕಿಕೊಳ್ಳಲಿ. ಹೆಸರು ಉಳಿಯದ ವೀರನಿಗೆ ಚರಿತ್ರೆಯಲ್ಲಿ ಸ್ಥಾನ ದೊರೆಯುವುದು ಈ ಕ್ರಮದಿಂದಲೇ.