ಸಿಗದ ವಸ್ತುವನ್ನು ಹುಡುಕುವ ಕಣ್ಣು

ನೈರೋಬಿಯ ಮಾಲ್‌ಗಳಲ್ಲಿ ತಪಾಸಣೆಯಿಲ್ಲದೆ ಒಳಗೆ ಹೋಗುವಂತಿಲ್ಲ. ಗೇಟಿನ ಅಸ್ಕರಿ (ಕಾವಲುಗಾರ) ಕೋಲಿಗೆ ಕಟ್ಟಿದ ಕನ್ನಡಿಯನ್ನು ಕಾರಿನಡಿ ಒಮ್ಮೆ ಆಡಿಸಿ, ಡಿಕ್ಕಿ ತೆಗೆಸಿ ಮುಚ್ಚಿಸುತ್ತಾನೆ. ಬಾಗಿಲಲ್ಲಿರುವವನು ಬ್ಯಾಗಿನ ಮೇಲ್ಪದರದ ಮೇಲಷ್ಟೇ ಕಣ್ಣಾಡಿಸುತ್ತಾನೆ. ಅವನ ಕೈಯ ಮೆಟಲ್ ಡಿಟೆಕ್ಟರ್ ಬೀಗದ ಕೈಗೂ ಕೂಗುತ್ತದೆ, ಮೊಬೈಲಿಗೂ ಕೂಗುತ್ತದೆ. ಕೂಗಿತೆಂದು ಯಾರನ್ನೂ ನಿಲ್ಲಿಸುವುದಿಲ್ಲ.

2013ರ ಸೆಪ್ಟೆಂಬರ್ 21ರಂದು ಸೋಮಾಲಿಯಾ ಮೂಲದ ಅಲ್-ಶಬಾಬ್ ಸಂಘಟನೆಯ ಉಗ್ರರು ನಗರದ ವೆಸ್ಟ್‌ಗೇಟ್ ಮಾಲ್‌ಗೆ ನುಗ್ಗಿ 67 ಮಂದಿಯನ್ನು ಕೊಂದರು. ಸತ್ತವರಲ್ಲಿ ಬೆಂಗಳೂರಿನವರೊಬ್ಬರೂ ಇದ್ದರು. ತಪಾಸಣೆ ಬಿಗಿಯಾದದ್ದು ಆಮೇಲೆ. ಗುಂಡು ಹಾರಿಸುತ್ತಲೇ ಬರುವವರನ್ನು ಬ್ಯಾಗಿನ ತಪಾಸಣೆ ತಡೆಯದು, ನಿಜ. ಆದರೂ ಅದು ಬೇಡವೆನ್ನಲಾರೆ. ನನ್ನ ತಕರಾರು ಅದನ್ನು ನಡೆಸುವ ಬಗೆಗೆ.

ಅಸ್ಕರಿ ಸೋಮಾರಿ ಎಂದು ಬೈಯುವುದು ಅನ್ಯಾಯ. ದೃಷ್ಟಿ ಸಂಶೋಧಕ ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಿಕ್ಕಿರಿದ ಚಿತ್ರಗಳಲ್ಲಿ ಗೊತ್ತುಪಡಿಸಿದ ವಸ್ತುವನ್ನು ಹುಡುಕಬೇಕು. ಅರ್ಧದಷ್ಟು ಚಿತ್ರಗಳಲ್ಲಿ ಅದು ಇದ್ದಾಗ ಕಣ್ತಪ್ಪಿದ್ದು ಶೇ. 7 ಸಲ, ನೂರಕ್ಕೊಂದರಲ್ಲಿ ಇದ್ದಾಗ ಶೇ. 30. ಹೇಗೂ ಸಿಗದು ಎಂದು ಮನಸ್ಸು ಒಮ್ಮೆ ಒಪ್ಪಿಕೊಂಡರೆ ಕಣ್ಣು ಬೇಗ ಕೈಚೆಲ್ಲುತ್ತದೆ. ಅಸ್ಕರಿಗಂತೂ ಬಾಂಬು ಕೆಲಸದ ಇಡೀ ಅವಧಿಯಲ್ಲಿ ಒಮ್ಮೆಯೂ ಸಿಗಲಿಕ್ಕಿಲ್ಲ. ಎಂದೂ ಏನೂ ಸಿಗದವನು ದಿನವಿಡೀ ಹೊಸ ಕಣ್ಣಿನಿಂದ ನೋಡಬೇಕೆಂದರೆ ಹೇಗೆ?

ವಸ್ತು ಸಿಗದಾಗ ಕಣ್ಣು ಮುಖ ಹುಡುಕತೊಡಗುತ್ತದೆ. ಇದು ಇನ್ನೂ ದೊಡ್ಡ ಕೇಡು. 2014ರ ಭಯೋತ್ಪಾದನಾ ವಿರೋಧಿ ‘ಉಸಲಾಮಾ ವಾಚ್’ ಕಾರ್ಯಾಚರಣೆಯಲ್ಲಿ ಪೊಲೀಸರು ಸೋಮಾಲಿಗಳೇ ಹೆಚ್ಚಾಗಿರುವ ಈಸ್ಟ್‌ಲೀ ಬಡಾವಣೆಯಲ್ಲಿ ಮನೆಮನೆಗೆ ನುಗ್ಗಿದರು. ಹಿಡಿದ ಸೋಮಾಲಿಗಳನ್ನು ಕಾಸರಾನಿ ಕ್ರೀಡಾಂಗಣದಲ್ಲಿ ಕೂಡಿಹಾಕಿದರು. ಆದರೆ 2019ರ ಜನವರಿಯಲ್ಲಿ ನೈರೋಬಿಯ ಡುಸಿಟ್ ಹೋಟೆಲ್ ಆವರಣದ ಮೇಲೆ ದಾಳಿ ಮಾಡಿದವರಲ್ಲಿ ಸೋಮಾಲಿಯೇ ಅಲ್ಲದ ಕೀನ್ಯಾದವರೂ ಇದ್ದರು.

ವಿಮಾನ ನಿಲ್ದಾಣಗಳ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ಆಗಾಗ ನಕಲಿ ಆಯುಧದ ಚಿತ್ರ ತೂರಿಸುವ ಪದ್ಧತಿಯಿದೆ. ಸರಿಯಾಗಿ ಗುರುತಿಸಿದೆನೋ ಇಲ್ಲವೋ ಎಂಬುದು ಸಿಬ್ಬಂದಿಗೆ ಅಲ್ಲೇ ತಿಳಿಯುತ್ತದೆ. ವುಲ್ಫ್ ತಂಡದ ಮುಂದಿನ ಪ್ರಯೋಗಗಳಲ್ಲೂ, ನಡುನಡುವೆ ವಸ್ತು ಪದೇ ಪದೇ ಸಿಗುವ ಸಣ್ಣ ಸರದಿಗಳನ್ನಿಟ್ಟು ಸರಿತಪ್ಪು ಹೇಳಿದಾಗ ಕಣ್ತಪ್ಪುಗಳು ಇಳಿದವು. ಮಾಲ್‌ಗಳೂ ಅಣಕು ವಸ್ತು ಹೊತ್ತವರನ್ನು ದಿನವೂ ಸಾಲಿನಲ್ಲಿ ಕಳಿಸಲಿ, ಡಿಟೆಕ್ಟರ್ ಕೂಗಿದಾಗಲೆಲ್ಲ ಯಾಕೆಂದು ನೋಡಲು ಅಸ್ಕರಿಗೆ ಸಮಯ ಕೊಡಲಿ, ದೀರ್ಘ ಪಾಳಿಯಲ್ಲಿ ಒಬ್ಬನೇ ಅದೇ ಜಾಗದಲ್ಲಿ ನಿಲ್ಲುವುದು ತಪ್ಪಲಿ. ಸಾಲು ಉದ್ದವಾಗುತ್ತದೆ, ಸುಳ್ಳು ಅನುಮಾನಗಳೂ ಹೆಚ್ಚುತ್ತವೆ. ಆ ಅನುಮಾನ ಮತ್ತೆ ಈಸ್ಟ್‌ಲೀಯವರ ಮೇಲೇ ಬೀಳಬಾರದು. ಅದಕ್ಕೆ ಅಣಕು ವಸ್ತು ಹೊರುವವರಲ್ಲಿ ಸೂಟು ತೊಟ್ಟವರು, ಸೀರೆಯುಟ್ಟವರು, ಮಗುವನ್ನೆತ್ತಿಕೊಂಡವರು, ಎಲ್ಲರೂ ಇರಬೇಕು.